ನಾಲ್ಕು ದಿನ ರೊಟ್ಟಿ ಬರಲಿಲ್ಲ: ತೀರ್ಪು ಹೇಗೆ ಹುಟ್ಟುತ್ತದೆ, ದಯೆ ಅಂದರೆ ಏನು

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆಯವರಿಗೆ ಗೊತ್ತು, ಆ ವಾರ ಕಡಕ್ ರೊಟ್ಟಿಗೆ ಎಷ್ಟು ಬೇಡಿಕೆ ಇರುತ್ತದೆ ಅಂತ. ನಾವಿರುವುದು ಹುಬ್ಬಳ್ಳಿಯಲ್ಲಿ. ತವರಿನ ಹೊಲ ಅಣ್ಣಿಗೇರಿ ಕಡೆ. ಮೂರು ವರ್ಷದ ಹಿಂದೆ, ನಮ್ಮ ಓಣಿಗೆ ರೊಟ್ಟಿ ತರುವ ಹೆಣ್ಣುಮಗಳಿಗೆ ನೂರು ರೊಟ್ಟಿ ಹೇಳಿ 500 ರೂಪಾಯಿ ಮುಂಗಡ ಕೊಟ್ಟಿದ್ದೆ. ಅರ್ಧ ಜೋಳದವು, ಅರ್ಧ ಎಳ್ಳು ಹಚ್ಚಿದ ಸಜ್ಜೆಯವು. ಓಣಿಯ ಇನ್ನೂ ಐದಾರು ಮನೆಯವರು ಹೀಗೇ ಕೊಟ್ಟಿದ್ದರು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವಳು ಬರುವುದು ನಿಂತಿತು.

ಮೊದಲ ದಿನ ನಾವು ಆಡಿದ ಮಾತು: "ಯಾಕೋ ಬರ್ಲಿಲ್ಲ." ಎರಡನೇ ದಿನ: "ಫೋನ್ ಹಚ್ಚಿದ್ರ ಎತ್ತವಲ್ಲಳು." ಮೂರನೇ ದಿನ: "ಎಲ್ಲಾರ ಕಡೆ ರೊಕ್ಕ ಇಸ್ಕೊಂಡಾಳ ನೋಡ್ರಿ." ನಾಲ್ಕನೇ ದಿನ ನಾನೇ ಹೇಳಿದೆ: "ಅಕಿ ಮೊದ್ಲಿಂದಾನೂ ಹಂಗ."

ಮೊದಲಿಂದಲೂ ಹಾಗೆ ಅನ್ನುವುದಕ್ಕೆ ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷದಲ್ಲಿ ಅವಳು ಹೇಳದೆ ತಪ್ಪಿಸಿದ ದಿನ ಒಂದೂ ನೆನಪಿಲ್ಲ. ಈ ನಾಲ್ಕು ಮಾತನ್ನು ಸಾಲಾಗಿ ಇಟ್ಟು ನೋಡಿ. ಮೊದಲನೆಯದು ಪ್ರಶ್ನೆ. ಎರಡನೆಯದು ಕಂಡ ಸಂಗತಿ. ಮೂರನೆಯದು ಅನುಮಾನ. ನಾಲ್ಕನೆಯದು ತೀರ್ಪು. ಎರಡನೇ ದಿನದ ನಂತರ ನಮಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಆದರೂ ಪ್ರಶ್ನೆಯಿಂದ ಹೊರಟು ತೀರ್ಪಿನ ತನಕ ಬಂದುಬಿಟ್ಟಿದ್ದೆವು.

ಇದು ಹೇಗೆ ಆಗುತ್ತದೆ ಅನ್ನುವುದನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ. "ಯಾರನ್ನೂ ಆಡಿಕೊಳ್ಳಬೇಡಿ, ಪ್ರೀತಿಯಿಂದ ಇರಿ" ಅಂತ ಎಲ್ಲರೂ ಹೇಳುತ್ತಾರೆ. ಕೇಳುವವರೂ ಹೌದು ಹೌದು ಅಂತಾರೆ. ಸಂಜೆಗೆ ಮತ್ತೆ ಕಟ್ಟೆಯ ಮೇಲೆ ಅದೇ ಮಾತು. ಒಳ್ಳೆಯತನ ಕಡಿಮೆ ಇದೆ ಅಂತ ಹೀಗಾಗುವುದಿಲ್ಲ. ತೀರ್ಪು ನಮ್ಮ ತಲೆಯಲ್ಲಿ ಎಷ್ಟು ಬೇಗ, ಎಷ್ಟು ಸದ್ದಿಲ್ಲದೆ ಹುಟ್ಟುತ್ತದೆ ಅನ್ನುವುದು ನಮಗೇ ಕಾಣುವುದಿಲ್ಲ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವವರು ಇದನ್ನು ದಿನಾ ಅನುಭವಿಸುತ್ತಾರೆ. ನಾನು ತಡವಾಗಿ ತಲುಪಿದರೆ ಕಾರಣ ಬಸ್ಸು, ಸಿಗ್ನಲ್, ಮಳೆ, ಮಗುವಿನ ಜ್ವರ. ನನ್ನ ಜೊತೆ ಕೆಲಸ ಮಾಡುವವಳು ತಡವಾಗಿ ಬಂದರೆ? "ಅವಳಿಗೆ ಶಿಸ್ತಿಲ್ಲ." ನನ್ನ ತಪ್ಪಿಗೆ ಸಂದರ್ಭ ಕಾರಣ, ಅವಳ ತಪ್ಪಿಗೆ ಅವಳ ಗುಣ ಕಾರಣ. ಬೇರೆಯವರ ನಡತೆಯಲ್ಲಿ ಸಂದರ್ಭವನ್ನು ಮರೆತು ಗುಣವನ್ನೇ ಹಿಡಿಯುವ ಈ ಅಭ್ಯಾಸಕ್ಕೆ ಲೀ ರಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1977ರಲ್ಲಿ ಒಂದು ಹೆಸರು ಕೊಟ್ಟರು: ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್. ಕಾರಣ ಹುಡುಕುವಾಗ ಬುಡದಲ್ಲೇ ಆಗುವ ತಪ್ಪು ಅಂತ ಇಟ್ಟುಕೊಳ್ಳಬಹುದು.

ಯಾಕೆ ಹೀಗೆ? ಒಂದು ಕಾರಣ ತುಂಬಾ ಸರಳ. ನಾನು ನಡೆಯುವಾಗ ನನ್ನ ಕಣ್ಣಿಗೆ ದಾರಿ ಕಾಣುತ್ತದೆ. ಕಲ್ಲು, ತಗ್ಗು, ಅಡ್ಡ ಬಂದ ಎಮ್ಮೆ, ಎಲ್ಲವೂ ಕಾಣುತ್ತವೆ. ನಾನು ಮಾತ್ರ ನನಗೆ ಕಾಣುವುದಿಲ್ಲ. ನೀವು ನಡೆಯುವಾಗ ನನಗೆ ಕಾಣುವುದು ನೀವು. ನಿಮ್ಮ ಕಾಲ ಕೆಳಗಿನ ಕಲ್ಲು ನನಗೆ ಅಷ್ಟಾಗಿ ಕಾಣುವುದಿಲ್ಲ. ನೀವು ಎಡವಿದರೆ, ಎಡವಿದ ಮನುಷ್ಯ ಮಾತ್ರ ಕಾಣುತ್ತಾನೆ.

ಇಲ್ಲಿ ನಮ್ಮ ಮೈಸೂರಿಗೆ ಸಂಬಂಧಪಟ್ಟ ಒಂದು ಅಧ್ಯಯನ ಇದೆ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಅಮೆರಿಕದ ಜನರನ್ನೂ ಮೈಸೂರಿನ ಹಿಂದೂ ಕುಟುಂಬಗಳ ಜನರನ್ನೂ ಮಾತಾಡಿಸಿ, 1984ರಲ್ಲಿ ಅದನ್ನು ಪ್ರಕಟಿಸಿದರು. ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ ಅಂತ ಕೇಳಿದ್ದರು. ಇಲ್ಲಿಯವರು ಹೇಳಿದ ಒಂದು ಘಟನೆ ಹೀಗಿದೆ. ಒಬ್ಬ ವಕೀಲ ಬೈಕಿನಲ್ಲಿ ಕೋರ್ಟಿಗೆ ಹೊರಟಿದ್ದ. ಹಿಂದೆ ಇನ್ನೊಬ್ಬ ಕೂತಿದ್ದ. ಹಿಂದಿನ ಗಾಲಿ ಒಡೆಯಿತು. ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ಅಲ್ಲೇ ಬಿಟ್ಟು, ತನ್ನ ಕೋರ್ಟಿನ ಕೆಲಸಕ್ಕೆ ಹೋದ.

ಮುಂದೆ ಓದುವ ಮೊದಲು ಒಂದು ಕ್ಷಣ ನಿಲ್ಲಿ. ಆ ವಕೀಲನ ಬಗ್ಗೆ ನಿಮಗೆ ಏನನ್ನಿಸಿತು?

ಅಮೆರಿಕದವರಲ್ಲಿ ಜಾಸ್ತಿ ಬಂದ ಉತ್ತರ ಅವನ ಗುಣದ ಬಗ್ಗೆ: ಹೊಣೆ ಇಲ್ಲದವನು, ತನ್ನ ಕೆಲಸದ ಏಳಿಗೆಯೇ ದೊಡ್ಡದು ಅಂದುಕೊಂಡವನು. ಮೈಸೂರಿನವರಲ್ಲಿ ಜಾಸ್ತಿ ಬಂದದ್ದು ಸಂದರ್ಭದ ಬಗ್ಗೆ: ಕೋರ್ಟಿನಲ್ಲಿ ಅವನನ್ನೇ ನಂಬಿದ ಕಕ್ಷಿದಾರ ಇದ್ದಾನೆ, ಪೆಟ್ಟು ಅಷ್ಟು ದೊಡ್ಡದು ಅಂತ ಕಂಡಿರಲಿಕ್ಕಿಲ್ಲ. ಎಂಟು ವರ್ಷದ ಮಕ್ಕಳಲ್ಲಿ ಮಾತ್ರ ಎರಡೂ ದೇಶದವರ ಉತ್ತರಗಳಲ್ಲಿ ಅಂಥ ಫರಕು ಇರಲಿಲ್ಲ. ವಯಸ್ಸು ಹೆಚ್ಚಿದಂತೆ ಅಂತರವೂ ಹೆಚ್ಚುತ್ತಾ ಹೋಯಿತು. ಅಂದರೆ ಇದು ಮನೆಯಲ್ಲಿ, ಓಣಿಯಲ್ಲಿ, ಸುತ್ತಲಿನ ಮಾತು ಕೇಳುತ್ತಾ ಕಲಿಯುವ ಅಭ್ಯಾಸ. ನನಗೆ ಇದರಲ್ಲಿ ತುಂಬಾ ಧೈರ್ಯ ಕಾಣುತ್ತದೆ. ಕಲಿತದ್ದನ್ನು ಬದಲಿಸಬಹುದು ಅಲ್ವಾ?

ಹಾಗಂತ ನಾವು ಬೀಗುವ ಹಾಗಿಲ್ಲ. ನಮ್ಮಲ್ಲಿ ತೀರ್ಪಿಗೆ ಬೇರೆ ದಾರಿಗಳಿವೆ. ಒಬ್ಬನ ಗುಣ ಬಿಟ್ಟು ಅವನ ಮನೆತನ ಹಿಡಿಯುತ್ತೇವೆ. "ಅವರ ಮನಿಯವರ ಹಂಗ." "ಅವರ ಅಪ್ಪಾನೂ ಹಿಂಗ ಮಾಡಿದ್ದ." ಊರು, ಜಾತಿ, ಕೇರಿ, ಎಲ್ಲವೂ ಇದರಲ್ಲಿ ಸೇರುತ್ತವೆ. ನಾವು ಅಂಥ ಕಡೆ ಸಂದರ್ಭ ನೋಡುತ್ತಿಲ್ಲ. ಒಬ್ಬನ ತಪ್ಪನ್ನು ಹತ್ತು ಜನರ ಮೇಲೆ ಹೊರಿಸುತ್ತಿದ್ದೇವೆ.

ಅವಸರದ ಮಾತು ಬೇರೆ ಇದೆ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರಾಗಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಹುಡುಗರನ್ನು ಒಬ್ಬೊಬ್ಬರಾಗಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಅವರಲ್ಲಿ ಅರ್ಧ ಜನ ಮಾತಾಡಬೇಕಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಸಾಕಷ್ಟು ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಜನ ನೆರವಾದರು. "ಈಗಲೇ ತಡವಾಗಿದೆ, ಓಡಿ" ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ 10. ಆ ಹುಡುಗರು ಕೆಟ್ಟವರಾಗಿರಲಿಲ್ಲ. ಅವರಿಗೆ ಪುರುಸೊತ್ತು ಇರಲಿಲ್ಲ, ಅಷ್ಟೇ. ಇವತ್ತು ಮನೆಯವರ ವಾಟ್ಸಾಪ್ ಗುಂಪಿಗೆ ಯಾರದೋ ಅವಮಾನದ ವಿಡಿಯೊ ಬಂದಾಗ, ಅದನ್ನು ಮುಂದಕ್ಕೆ ಕಳಿಸಲು ನಾವು ತೆಗೆದುಕೊಳ್ಳುವ ಸಮಯ ಎಷ್ಟು? ಅಷ್ಟರಲ್ಲಿ ದಯೆ ಹುಟ್ಟಲು ಜಾಗವೇ ಇಲ್ಲ.

ಇವೆಲ್ಲಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ನೋವು ಉಂಡವರನ್ನೇ ತಪ್ಪಿತಸ್ಥರನ್ನಾಗಿ ಮಾಡುವುದು. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡುವುದನ್ನು ವಿದ್ಯಾರ್ಥಿಗಳು ಪರದೆಯ ಮೇಲೆ ನೋಡಿದರು. ನಿಜವಾದ ಶಾಕ್ ಇರಲಿಲ್ಲ, ಅವಳು ನಟಿಸುತ್ತಿದ್ದಳು. ಅವಳ ನೋವನ್ನು ನಿಲ್ಲಿಸಲು ಅವಕಾಶ ಸಿಕ್ಕವರು ಅವಳ ಬಗ್ಗೆ ಅಷ್ಟು ಹಗುರವಾಗಿ ಮಾತಾಡಲಿಲ್ಲ. ಅವಳ ನೋವು ಇನ್ನೂ ಮುಂದುವರಿಯುತ್ತದೆ, ತಾವು ಏನೂ ಮಾಡುವಂತಿಲ್ಲ ಅಂತ ತಿಳಿದವರು ಅವಳನ್ನೇ ಕಡಿಮೆ ಮಾಡಿ ನೋಡಿದರು. ಏನೂ ತಪ್ಪು ಮಾಡದವರಿಗೂ ಕೆಟ್ಟದ್ದು ಆಗುತ್ತದೆ ಅನ್ನುವ ಸತ್ಯ ಹೆದರಿಸುತ್ತದೆ. ಹಾಗಿದ್ದರೆ ನಾಳೆ ನನಗೂ ಆಗಬಹುದಲ್ಲ! ಆ ಹೆದರಿಕೆ ತಪ್ಪಿಸಿಕೊಳ್ಳಲು "ಏನೋ ಮಾಡಿರ್ತಾಳ ಬಿಡು" ಅಂದುಬಿಡುತ್ತೇವೆ.

ನಮ್ಮ ಕಡೆ ಇದಕ್ಕೆ ಸಿದ್ಧ ಮಾತು ಒಂದಿದೆ: "ಹಿಂದಿನ ಜನ್ಮದ ಕರ್ಮ." ಕಣ್ಣು ಕಾಣದ ಮಗುವನ್ನು ನೋಡಿ ಈ ಮಾತು ಆಡಿದವರನ್ನು ನಾನು ಕಂಡಿದ್ದೇನೆ. ಈಗ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. 1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಸ್ವಾಮಿಗಳು ಅವನನ್ನು ಹತ್ತಿರ ಕರೆದು ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಆ ಹುಡುಗ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು ಅದೇ ತಾಲೂಕಿನ ದೇವಗಿರಿಯ ಇನ್ನೊಬ್ಬ ಅಂಧ ಹುಡುಗನನ್ನು ಬೆಳೆಸಿದರು. ಅವರೇ ಪುಟ್ಟರಾಜ ಗವಾಯಿಗಳು, 2010ರಲ್ಲಿ ಪದ್ಮಭೂಷಣ ಪಡೆದವರು. ಆಮೇಲೆ ಎಷ್ಟು ಅಂಧ ಮಕ್ಕಳು ಆ ಅಂಗಳದಲ್ಲಿ ಹಾರ್ಮೋನಿಯಂ, ತಬಲಾ ಕಲಿತು ಹೊರಬಂದರು!

ಕರ್ಮ ಅಂದವರೂ ಕುಮಾರ ಸ್ವಾಮಿಗಳೂ ನೋಡಿದ್ದು ಒಂದೇ ಥರದ ಮಗುವನ್ನು. ಒಬ್ಬರು "ಇದು ಯಾಕೆ ಹೀಗಾಯಿತು" ಅಂತ ಹಿಂದಕ್ಕೆ ನೋಡಿದರು. ಇನ್ನೊಬ್ಬರು "ಈಗ ಏನು ಮಾಡೋಣ" ಅಂತ ಮುಂದಕ್ಕೆ ನೋಡಿದರು. ದಯೆಯನ್ನು ನಾನು ಹೀಗೇ ಅರ್ಥ ಮಾಡಿಕೊಂಡಿದ್ದೇನೆ. ಅದು ಮನಸ್ಸು ಕರಗುವುದಕ್ಕಿಂತ ಜಾಸ್ತಿ. ಅದು ಎದುರಿಗಿರುವ ಮನುಷ್ಯನ ಮುಂದಿನ ದಿನದ ಬಗ್ಗೆ ಯೋಚಿಸುವುದು.

"ಆದರೆ ತೀರ್ಪು ಬೇಡ ಅಂದರೆ ಕೋರ್ಟು ಯಾಕೆ?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಗದಗ, ಹಾವೇರಿಯವರೂ ಅಲ್ಲಿಗೇ ಬರುತ್ತಾರೆ. ಅಲ್ಲಿ ಕೂತು ತೀರ್ಪು ಕೊಡುವುದೇ ಕೆಲಸವಾಗಿರುವವರ ಕೈಗೆ ಕಾನೂನು ಎಷ್ಟು ಕಟ್ಟು ಹಾಕಿದೆ ನೋಡಿ.

ಎರಡೂ ಕಡೆಯವರ ಮಾತು ಕೇಳದೆ ತೀರ್ಮಾನ ಮಾಡುವಂತಿಲ್ಲ. ತನಗೆ ಸಂಬಂಧ ಇರುವ ಕೇಸನ್ನು ನ್ಯಾಯಾಧೀಶರು ತಾವೇ ಕೇಳುವಂತಿಲ್ಲ. ಅಪರಾಧ ಸಾಬೀತಾಗುವ ತನಕ ಆರೋಪಿಯನ್ನು ನಿರಪರಾಧಿ ಅಂತಲೇ ಕಾಣಬೇಕು. ಯಾಕೆ ಹೀಗೆ ತೀರ್ಪು ಕೊಟ್ಟೆ ಅಂತ ಬರೆದು ತೋರಿಸಬೇಕು. ತಪ್ಪಾಗಿದ್ದರೆ ಮೇಲಿನ ಕೋರ್ಟಿಗೆ ಹೋಗಬಹುದು. ಸಂವಿಧಾನದ 20ನೇ ವಿಧಿಯ ಪ್ರಕಾರ ಒಂದೇ ಅಪರಾಧಕ್ಕೆ ಒಬ್ಬನನ್ನು ಎರಡು ಸಲ ವಿಚಾರಣೆ ಮಾಡಿ ಶಿಕ್ಷಿಸುವಂತಿಲ್ಲ. 1958ರ ಪ್ರೊಬೇಷನ್ ಕಾಯ್ದೆಯಂತೆ, ಅಪರಾಧ ಸಾಬೀತಾದ ಮೇಲೂ, ತಕ್ಕ ಸಂದರ್ಭದಲ್ಲಿ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಅದರಲ್ಲೂ 21 ವರ್ಷದ ಒಳಗಿನವರನ್ನು ಜೈಲಿಗೆ ಕಳಿಸುವ ಮೊದಲು ಎರಡು ಸಲ ಯೋಚಿಸಬೇಕು ಅನ್ನುವುದು ಆ ಕಾಯ್ದೆಯ ಆಶಯ.

ಈಗ ನಮ್ಮ ಓಣಿಯ ಕೋರ್ಟು ನೋಡಿ. ಆರೋಪಿ ಹಾಜರಿಲ್ಲದಾಗಲೇ ವಿಚಾರಣೆ. ರೊಕ್ಕ ಕೊಟ್ಟು ಸಿಟ್ಟಾಗಿರುವ ನಾನೇ ದೂರು ಕೊಟ್ಟವಳು, ನಾನೇ ಸಾಕ್ಷಿ, ನಾನೇ ನ್ಯಾಯಾಧೀಶೆ. ಬರೆದಿಟ್ಟ ಕಾರಣ ಇಲ್ಲ. ಅಪೀಲು ಇಲ್ಲ. ಶಿಕ್ಷೆಗೆ ಕೊನೆಯ ದಿನ ಇಲ್ಲ.

ಈ ಕೊನೆಯದು ನನ್ನನ್ನು ಬಹಳ ಕಾಡುತ್ತದೆ. ನಮ್ಮ ಬಳಗದಲ್ಲಿ ಒಬ್ಬರು ಚೀಟಿ ವ್ಯವಹಾರ ಮಾಡಿ ಸೋತರು. ಜನರ ದುಡ್ಡು ಮುಳುಗಿತು. ತಪ್ಪು ಅವರದೇ. ಆಮೇಲೆ ಏಳು ವರ್ಷ ದುಡಿದು, ಮನೆ ಮಾರಿ, ಒಬ್ಬೊಬ್ಬರಿಗೂ ತೀರಿಸಿದರು. ಇದಾಗಿ ಎಷ್ಟೋ ವರ್ಷವಾಯಿತು. ಈಗಲೂ ಮದುವೆ ಮನೆಗೆ ಅವರು ಬಂದರೆ ಯಾರಾದರೂ ಒಬ್ಬರು ಮೆತ್ತಗೆ "ಚೀಟಿ ಮಾಮಾ ಬಂದ" ಅಂತಾರೆ. ದುಡ್ಡು ತೀರಿದರೂ ಹೆಸರು ತೀರಲಿಲ್ಲ.

ಹೆಸರಿನ ಮಾತು ಬಂತಲ್ಲ, ಕನ್ನಡದ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಮಾಡಿದ ಕೆಲಸವನ್ನು ಮನುಷ್ಯನ ಹೆಸರನ್ನಾಗಿ ಮಾಡುವುದು ತುಂಬಾ ಸುಲಭ. ಕುಡಿದರೆ ಕುಡುಕ. ಸುಳ್ಳು ಹೇಳಿದರೆ ಸುಳ್ಳುಗಾರ. ಹೊಣೆ ಮರೆತರೆ ಹೊಣೆಗೇಡಿ. ಒಂದು ದಿನ ಮಲಗಿದರೆ ಸೋಮಾರಿ. ಈ ಪದಗಳಲ್ಲಿ ಕಾಲ ಇಲ್ಲ. ನಿನ್ನೆ, ಇವತ್ತು, ನಾಳೆ ಎಂದು ಇಲ್ಲ. ಆ ಮನುಷ್ಯ ಯಾವಾಗಲೂ ಅದೇ.

ಆದರೆ ಕ್ರಿಯಾಪದಕ್ಕೆ ಕಾಲ ಇದೆ. "ಅವನು ಸುಳ್ಳು ಹೇಳಿದ" ಅಂದರೆ ಅದು ಆದ ಘಟನೆ. ನಾಳೆ ಅವನು ನಿಜ ಹೇಳಲು ಅಡ್ಡಿ ಇಲ್ಲ. "ಅವನು ಕುಡಿಯುತ್ತಿದ್ದಾನೆ" ಅಂದರೆ ನಡೆಯುತ್ತಿರುವ ಸಂಗತಿ. ನಿಲ್ಲಬಹುದು, ನಿಲ್ಲಿಸಲು ನೆರವಾಗಬಹುದು. "ಕುಡುಕ" ಅಂದರೆ ಯಾರೂ ನೆರವಾಗುವ ಪ್ರಶ್ನೆಯೇ ಬರುವುದಿಲ್ಲ. ನಾನು ಕಳೆದ ಕೆಲವು ವರ್ಷಗಳಿಂದ ಮನೆಯಲ್ಲಿ ಇದೊಂದನ್ನು ಪಾಲಿಸಲು ಪ್ರಯತ್ನ ಮಾಡುತ್ತಿದ್ದೇನೆ. ಮಗನಿಗೆ "ನೀ ಸೋಮಾರಿ" ಅನ್ನದೆ "ಇವತ್ತು ನೀ ಓದಲಿಲ್ಲ" ಅನ್ನುತ್ತೇನೆ. ತಪ್ಪನ್ನು ಮುಚ್ಚಿಡಲಿಲ್ಲ. ಹೇಳಿದೆ. ಆದರೆ ಬಾಗಿಲು ತೆರೆದೇ ಇದೆ. ಸಿಟ್ಟಿನಲ್ಲಿ ಹಳೆಯ ಪದ ಬಾಯಿಗೆ ಬರುವುದೂ ಉಂಟು. ಆಗ ಮತ್ತೆ ತಿದ್ದಿ ಹೇಳುತ್ತೇನೆ.

ಪದದ ಗಾಯ ಎಂಥದು ಅನ್ನುವುದಕ್ಕೆ ಧಾರವಾಡದ ಹೆಸರೇ ಸಾಕ್ಷಿ. ಅಲ್ಲಿಯ ಮನೋರೋಗ ಆಸ್ಪತ್ರೆ 1845ರಷ್ಟು ಹಳೆಯದು. ಈಗ ಅದನ್ನು ಡಿಮ್ಹಾನ್ಸ್ ಅಂತ ಕರೆಯುತ್ತೇವೆ. ನಾನು ಸಣ್ಣವಳಿದ್ದಾಗ ಯಾರಾದರೂ ವಿಚಿತ್ರವಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತ ನಗುತ್ತಿದ್ದರು. ಒಂದು ಆಸ್ಪತ್ರೆಯ ಹೆಸರು ಬೈಗುಳವಾದರೆ, ಖಾಯಿಲೆ ಆದವರು ಆ ಗೇಟಿನ ಒಳಗೆ ಹೋಗಲು ಎಷ್ಟು ಹಿಂಜರಿಯಬೇಡ? ಮಾತಾಡಿದವರಿಗೆ ಅದು ಸುಮ್ನೆ ಒಂದು ತಮಾಷೆ. ಒಳಗೊಳಗೇ ಬೇಯುತ್ತಿದ್ದವರಿಗೆ ಅದು ಮುಚ್ಚಿದ ಬಾಗಿಲು.

ಇದೇ ವಿಷಯದಲ್ಲಿ ಕಾನೂನು ನಮಗಿಂತ ಮುಂದೆ ಹೋಗಿದೆ. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಪ್ರಯತ್ನಿಸಿ ಬದುಕುಳಿದವರು ಅಪರಾಧಿಗಳಾಗಿದ್ದರು. ಒಂದು ವರ್ಷದವರೆಗೆ ಜೈಲು ಆಗಬಹುದಿತ್ತು. ಸಾವಿನ ಬಾಗಿಲಿನಿಂದ ಮರಳಿ ಬಂದ ಮನುಷ್ಯನಿಗೆ ಕೇಸು! 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಇದನ್ನು ತಿರುಗಿಸಿತು. ಬೇರೆ ಏನೂ ಸಾಬೀತಾಗದ ಹೊರತು, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಹೇಳಿತು. ಅವರ ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಕರ್ತವ್ಯ ಅಂತಲೂ ಹೇಳಿತು. "ಭಾವಿಸಬೇಕು" ಅನ್ನುವ ಆ ಪದವನ್ನು ಗಮನಿಸಿ. ಮೊದಲು ಕಾರಣ ತೋರಿಸು, ಆಮೇಲೆ ದಯೆ ತೋರಿಸುತ್ತೇವೆ ಅಂತ ಅದು ಹೇಳುತ್ತಿಲ್ಲ. ಈ ಮನುಷ್ಯ ಕಷ್ಟದಲ್ಲಿದ್ದ ಅನ್ನುವಲ್ಲಿಂದಲೇ ಶುರು ಮಾಡುತ್ತದೆ. (ಇದನ್ನು ಓದುತ್ತಿರುವ ಯಾರಿಗಾದರೂ ಬದುಕು ಭಾರ ಅನ್ನಿಸುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.)

ಒಂದು ಎಚ್ಚರಿಕೆ ಹೇಳಲೇಬೇಕು. ದಯೆಯ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ದೊಡ್ಡ ಅನ್ಯಾಯ ನಡೆಯುತ್ತದೆ. ಹೊಡೆತ ತಿಂದ ಹೆಣ್ಣುಮಗಳಿಗೆ ಹಿರಿಯರು "ಇರ್ಲಿ ಬಿಡವ್ವಾ, ಕ್ಷಮಾ ಮಾಡು" ಅಂತಾರೆ. ಹೊಡೆದವನಿಗೆ ಯಾರೂ ಏನೂ ಹೇಳುವುದಿಲ್ಲ. ಇದು ದಯೆ ಅಲ್ಲವೇ ಅಲ್ಲ. ಬಲ ಇಲ್ಲದವರ ಮೇಲೆ ಇನ್ನೊಂದು ಭಾರ ಹೊರಿಸುವುದು. ದಯೆ ಮೊದಲು ಸಲ್ಲಬೇಕಾದದ್ದು ಗಾಯ ಆದವರಿಗೆ. ಅವರನ್ನು ಆ ಜಾಗದಿಂದ ಹೊರಗೆ ತರಬೇಕು. 112 ಇದೆ, ಹೆಣ್ಣುಮಕ್ಕಳಿಗೆ 181 ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ದೂರು ಕೊಡುವುದಕ್ಕೆ ದ್ವೇಷ ಇರಬೇಕು ಅಂತೇನಿಲ್ಲ. ಕ್ಷಮಿಸುವುದು, ಬಿಡುವುದು ಆ ಗಾಯ ಉಂಡವರಿಗೆ ಬಿಟ್ಟದ್ದು, ಅವರ ಸಮಯದಲ್ಲಿ. ಬೇರೆಯವರ ಪರವಾಗಿ ಕ್ಷಮಿಸುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ದಯೆ ಅನ್ನುವ ಪದದಲ್ಲೇ ನನಗೆ ಒಂದು ಸಣ್ಣ ತಕರಾರಿದೆ. ಅದರಲ್ಲಿ ಮೇಲೆ ಇರುವವರು ಕೆಳಗೆ ಇರುವವರಿಗೆ ಕೊಡುವ ಧ್ವನಿ ಬರುತ್ತದೆ. ನಮ್ಮ ಕಡೆ ಇನ್ನೊಂದು ಪದ ಬಳಸುತ್ತಾರೆ: ಅಂತಃಕರಣ. "ಅಕಿ ಭಾಳ ಅಂತಃಕರಣದಾಕಿ" ಅಂದರೆ ಬೇರೆಯವರ ನೋವು ತನ್ನೊಳಗೆ ಮುಟ್ಟುವವಳು ಅಂತ. ಶಾಸ್ತ್ರದಲ್ಲಿ ಆ ಪದಕ್ಕೆ ಮನಸ್ಸು, ಒಳಗಿನ ಇಂದ್ರಿಯ ಅಂತ ಅರ್ಥ. ನಮ್ಮ ಅಜ್ಜಿಯರು ಅದನ್ನು ಪ್ರೀತಿಯ ಪದ ಮಾಡಿದರು. ಅಂತಃಕರಣದಲ್ಲಿ ಮೇಲೆ ಕೆಳಗೆ ಇಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರು ಹುಟ್ಟಿದ್ದು 1819ರಲ್ಲಿ, ಮುಸ್ಲಿಂ ಮನೆಯಲ್ಲಿ. ಅವರಿಗೆ ಗುರುವಾದವರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಆ ಕಾಲದಲ್ಲಿ ಓಣಿಯ ಕೋರ್ಟು ಇಬ್ಬರ ಬಗ್ಗೆಯೂ ಏನೆಲ್ಲ ಅಂದಿರಬಹುದು ಯೋಚಿಸಿ. ಗುರುವಿಗೆ ಕಂಡದ್ದು ಕಲಿಯುವ ಹಂಬಲ ಇರುವ ಒಬ್ಬ ಹುಡುಗ. ಇವತ್ತಿಗೂ ಶರೀಫರ ಗದ್ದುಗೆಗೆ ಎರಡೂ ಧರ್ಮದವರು ಹೋಗಿ ಕೈಮುಗಿಯುತ್ತಾರೆ.

ಇನ್ನು ಬನ್ನಿಯ ವಿಷಯ. ಇದು ಬೇರೆ ಸೀಮೆಯವರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಅದಕ್ಕೆ ಬಂಗಾರ ಅಂತಲೇ ಹೆಸರು. ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತಾರೆ. ಸಣ್ಣವರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಆ ಸಂಜೆ ಎಲೆ ಕೊಡುತ್ತಾರೆ.

ನಾನು ಸಣ್ಣವಳಿದ್ದಾಗ ನಮ್ಮ ಮನೆಗೂ ಪಕ್ಕದ ಮನೆಗೂ ನೀರಿನ ನಲ್ಲಿಯ ಸಲುವಾಗಿ ಜಗಳ ಆಗಿತ್ತು. ಏಳು ತಿಂಗಳು ಮಾತಿಲ್ಲ. ದಸರೆಯ ಸಂಜೆ ಅವರ ಮನೆಯ ಅಜ್ಜ ನಮ್ಮ ಬಾಗಿಲಿಗೆ ಬಂದರು. ನಮ್ಮ ಅಪ್ಪ ಎದ್ದು ನಿಂತರು. ಅಜ್ಜ ಎಲೆ ಕೊಟ್ಟರು. ಅಪ್ಪ ಕಾಲು ಮುಟ್ಟಿದರು. ಅವ್ವ ಚಹಾ ಇಟ್ಟಳು. ತಪ್ಪು ಯಾರದು ಅಂತ ಆವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಲ್ಲಿಯ ಸರದಿಯನ್ನು ಮಾತ್ರ ಮರುದಿನ ಕೂತು ಬರೆದಿಟ್ಟರು. ಜಗಳದ ಮೂಲಕ್ಕೆ ಪರಿಹಾರ ಸಿಕ್ಕಿತು. ತೀರ್ಪು ಯಾರಿಗೂ ಬೇಕಾಗಲಿಲ್ಲ.

ಆದರೂ ರೊಟ್ಟಿಯ ಹೆಣ್ಣುಮಗಳ ವಿಷಯದಲ್ಲಿ ಇದು ನನಗೆ ನೆನಪಾಗಲಿಲ್ಲ. ಅವಳು ಅಮಾವಾಸ್ಯೆ ಮುಗಿದ ಎರಡನೇ ದಿನ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ನೂರು ರೊಟ್ಟಿ ಕಟ್ಟೆಯ ಮೇಲೆ ಇಟ್ಟಳು. "ತಪ್ಪಾತ್ರಿ ಅಕ್ಕಾ" ಅಂದಳು. ನಾನು "ಯಾಕ ಬರ್ಲಿಲ್ಲ?" ಅಂದೆ. "ಏನೋ ಆತ್ರಿ" ಅಂದಳು. ಮತ್ತೆ ಕೇಳಿದೆ. ಅವಳು ನೆಲ ನೋಡುತ್ತಾ ನಿಂತಳು. ಹೇಳಲಿಲ್ಲ.

ನನಗೆ ಸಿಟ್ಟು ಬಂತು. ಹಬ್ಬ ಮುಗಿದಿತ್ತು, ಬೇರೆ ಕಡೆಯಿಂದ ರೊಟ್ಟಿ ತಂದು ಕೆಲಸ ಆಗಿತ್ತು, ಆದರೂ ಸಿಟ್ಟು. ರಾತ್ರಿ ಯೋಚಿಸಿದಾಗ ಅದರ ಬೇರು ಸಿಕ್ಕಿತು. ನನಗೆ ಒಂದು ದುಃಖದ ಕಥೆ ಬೇಕಾಗಿತ್ತು. ಗಂಡನಿಗೆ ಹುಷಾರಿಲ್ಲ, ಮಗುವಿಗೆ ಆಪರೇಷನ್, ಇಂಥದ್ದು ಏನಾದರೂ. ಅವಳು ಅದನ್ನು ಹೇಳಿದ್ದರೆ ನಾನು ಕಣ್ಣೀರು ಹಾಕಿ, "ಪಾಪ" ಅಂದು, ಅವಳನ್ನು ಬಿಡುಗಡೆ ಮಾಡುತ್ತಿದ್ದೆ. ಕಾರಣ ಕೇಳಿ, ತೂಗಿ ನೋಡಿ, ಸಾಕು ಅನ್ನಿಸಿದರೆ ಬಿಡುವುದು. ಇದು ಕೂಡ ತೀರ್ಪೇ ಅಲ್ವಾ? ನಾನು ಇನ್ನೂ ಅದೇ ಕುರ್ಚಿಯಲ್ಲೇ ಕೂತಿದ್ದೆ. ಅವಳ ಮನೆಯ ಕಷ್ಟವನ್ನು ನನ್ನ ಕಟ್ಟೆಯ ಮೇಲೆ ಬಿಚ್ಚಿ ತೋರಿಸಬೇಕು ಅನ್ನುವ ಹಕ್ಕು ನನಗೆ ಯಾರು ಕೊಟ್ಟರು? ನನಗೆ ಸಲ್ಲಬೇಕಾದದ್ದು ರೊಟ್ಟಿ ಅಥವಾ 500 ರೂಪಾಯಿ. ಅದನ್ನು ಅವಳು ತಂದು ಕೊಟ್ಟಿದ್ದಳು, ತಪ್ಪಾಯಿತು ಅಂತಲೂ ಹೇಳಿದ್ದಳು. ಅದರಾಚೆ ಇದ್ದದ್ದು ಅವಳ ಬದುಕು.

ಮರುದಿನ ಬಂದಾಗ ಏನೂ ಕೇಳಲಿಲ್ಲ. "ಚಹಾ ಕುಡದ ಹೋಗು" ಅಂದೆ. ಕುಡಿದು ಹೋದಳು. ಓಣಿಯಲ್ಲಿ ಇಬ್ಬರು ಅವಳ ಹತ್ತಿರ ತೆಗೆದುಕೊಳ್ಳುವುದನ್ನು ಬಿಟ್ಟರು. ಅವರಿಗೆ ನಷ್ಟ ಆಗಿತ್ತು, ಅದು ಅವರ ಇಷ್ಟ. ನಾನು ಮುಂಗಡ ಕೊಡುವಾಗ ಈಗ ಸ್ವಲ್ಪ ಮಾತ್ರ ಕೊಡುತ್ತೇನೆ. ಆ ನಾಲ್ಕು ದಿನ ಏನಾಗಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಮನೆಯಲ್ಲಿ ಒಂದರ ಮೇಲೊಂದು ಕೆಲಸ. ಒಂದು ತಿಂಗಳ ರೊಟ್ಟಿಯ ದುಡ್ಡು ಕೊಡುವುದೇ ಮರೆತುಹೋಯಿತು. ಅವಳು ಕೇಳಲೂ ಇಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಐದನೇ ವಾರ ಡೈರಿ ತೆಗೆದಾಗ ನನಗೆ ಗೊತ್ತಾಯಿತು. ಓಡಿ ಹೋಗಿ ಗೇಟಿನ ಹತ್ತಿರ ಅವಳನ್ನು ಹಿಡಿದು, ದುಡ್ಡು ಕೊಟ್ಟು, ಯಾಕೆ ಮರೆತೆ ಅಂತ ಹೇಳಲು ಶುರು ಮಾಡಿದೆ. ಅತ್ತೆಯ ಆಸ್ಪತ್ರೆ, ಮಗನ ಪರೀಕ್ಷೆ...

"ಇರ್ಲಿ ಬಿಡ್ರಿ ಅಕ್ಕಾ," ಅಂದಳು, ನಾನು ಮುಗಿಸುವ ಮೊದಲೇ. "ಮನಿ ಅಂದ ಮ್ಯಾಲೆ ನೂರಾ ಎಂಟ ಇರ್ತಾವ. ಮರ್ತಿರ್ತೀರಿ ಅಂತ ನನಗ ಗೊತ್ತಿತ್ತು."

ದುಡ್ಡನ್ನು ಎಣಿಸದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬುಟ್ಟಿ ಇಳಿಸಿ, ಹತ್ತು ರೊಟ್ಟಿ ಎಣಿಸಿ ನನ್ನ ಕೈಗಿಟ್ಟು, ಪಕ್ಕದ ಮನೆಯ ಗೇಟು ತೆಗೆದಳು.